ಕತ್ತರಿ ಕೊಡದ ಸಿಸ್ಟರ್

ಆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ಸಿಸ್ಟರ್ ಅಂದರೆ ಸಿಡುಕುಮೋರೆ ಎಂದೇ ಲೆಕ್ಕ. ಕೆಲಸದಲ್ಲಿ ಮಾತ್ರ ಬೆರಳು ತೋರಿಸುವಂತಿಲ್ಲ. ಮೂವತ್ತು ವರ್ಷದಿಂದ, ಡಾಕ್ಟರು ಕೈ ಚಾಚಿದರೆ ಸಾಕು, ಬಾಯಿ ತೆರೆಯುವ ಮೊದಲೇ ಬೇಕಾದದ್ದು ಅಂಗೈಯಲ್ಲಿ. ಮನೆಗೆ ಹೋದರೆ ಒಂದು ತಟ್ಟೆ, ಒಂದು ಲೋಟ, ಗೋಡೆಯ ಜೊತೆ ಮಾತು.

ಹದಿಮೂರನೆಯ ವಯಸ್ಸಿನಲ್ಲಿ ಇವರ ಒಂದು ಅಂಡಾಶಯ ತಿರುಚಿಕೊಂಡು ಕಪ್ಪಾಗಿತ್ತು. ಆಗಿನ ಡಾಕ್ಟರು ಕತ್ತರಿಸಿ ತೆಗೆದರು. ಇನ್ನೊಂದು ನೆಟ್ಟಗಿದ್ದರೆ ಮಕ್ಕಳಾಗುತ್ತವೆ ಎಂದು ಹೇಳುವವರು ಯಾರು? ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ! ‘ಅರ್ಧ ಹೆಣ್ಣು’ ಎಂದರು. ಬಂದ ಸಂಬಂಧಗಳೆಲ್ಲ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿದವು.

ಅವತ್ತು ಮಧ್ಯಾಹ್ನ ಟೇಬಲ್ ಮೇಲೆ ಹನ್ನೆರಡು ವರ್ಷದ ಹುಡುಗಿ. ಬೆಳಗಿನಿಂದ ಹೊಟ್ಟೆನೋವು, ವಾಂತಿ. ಅವಳಿಗೂ ಅದೇ ಕಾಯಿಲೆ. ಹೊಟ್ಟೆ ತೆರೆದ ಹೊಸ ಡಾಕ್ಟರು ತಿರುಚಿದ್ದನ್ನು ಮೂರು ಸುತ್ತು ಬಿಡಿಸಿದರು. ಅಂಡಾಶಯ ಬದನೆಕಾಯಿಯಂತೆ ಕಪ್ಪಗೇ ಇತ್ತು. ಡಾಕ್ಟರು ಕೈ ಚಾಚಿದರು.

ಏನು ಬೇಕೆಂದು ಸಿಸ್ಟರಿಗೆ ಗೊತ್ತು. ಆದರೆ ಅಂಗೈಗೆ ಬಿದ್ದದ್ದು ಕತ್ತರಿಯಲ್ಲ, ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆ.

“ಇದೇನ್ ಸಿಸ್ಟರ್? ಸತ್ತಿರೋದನ್ನ ಒಳಗೆ ಬಿಡ್ಲಾ?”

“ಸುತ್ತಿ ಸ್ವಲ್ಪ ಕಾಯಿರಿ ಡಾಕ್ಟ್ರೇ. ಕಪ್ಪಾಗಿರೋದೆಲ್ಲ ಸತ್ತಿರಲ್ಲ ಅಂತ ಮೊನ್ನೆ ನಮ್ಮ ದೊಡ್ಡ ಡಾಕ್ಟ್ರು ಪಾಠ ಮಾಡ್ಲಿಲ್ವಾ? ನಾನು ಮೂಲೇಲಿ ನಿಂತು ಕೇಳಿಸ್ಕೊಂಡೆ, ನೀವು ಮುಂದೆ ಕೂತು ಆಕಳಿಸ್ತಿದ್ರಿ!”

ಹತ್ತು ನಿಮಿಷ ಕಾದರು. ಬಟ್ಟೆ ತೆಗೆದರೆ ಅಂಚಿನಲ್ಲಿ ತುಸು ಕೆಂಪು, ಅಷ್ಟೇ. ಡಾಕ್ಟರು ನಿಟ್ಟುಸಿರಿಟ್ಟು, “ಇರ್ಲಿ, ಬಿಡೋಣ,” ಎಂದರು. ಸಿಸ್ಟರಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. ಥೂ, ಎಳೇ ಮಗುವಿನ ಮೇಲೆ ಹೊಟ್ಟೆಕಿಚ್ಚೇ ಎಂದು ತಮ್ಮನ್ನು ತಾವೇ ಬೈದುಕೊಂಡರು.

ಆರು ವಾರದ ಮೇಲೆ ಸ್ಕ್ಯಾನ್ ಮಾಡಿದಾಗ ಅಂಡಾಶಯದಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿತ್ತು. ಡಾಕ್ಟರಿಂದ ನಡೆದದ್ದು ತಿಳಿದ ಹುಡುಗಿಯ ತಾಯಿ ಓಡಿ ಬಂದು ಸಿಸ್ಟರ ಎರಡೂ ಕೈ ಹಿಡಿದುಕೊಂಡಳು.

“ಹೆತ್ತವರಿಗೇ ಗೊತ್ತು ಹೆತ್ತವರ ಸಂಕಟ. ನಿಮ್ಗೆಷ್ಟು ಮಕ್ಳು ಸಿಸ್ಟರ್?”

‘ಇಬ್ಬರು, ದೂರದಲ್ಲಿದ್ದಾರೆ’ ಎನ್ನುವ ಉತ್ತರ ಅವರಿಗೆ ಬಾಯಿಪಾಠ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತ ಬಂದಿದ್ದರು. ಅವತ್ತು ಆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

“ಯಾರೂ ಇಲ್ಲಮ್ಮ. ನಾನೊಬ್ಳೇ,” ಎಂದವರು ಅಲ್ಲೇ ಬೆಂಚಿನ ಮೇಲೆ ಕುಸಿದು, ಎಲ್ಲರೆದುರಿಗೇ ಗಳಗಳನೆ ಅತ್ತುಬಿಟ್ಟರು.