ಐದನೆಯ ದಿನ ಓಕ್‌ಬುನ್ ಬರೆದ ಪತ್ರ

ಕೊರಿಯಾದ ಗುನ್ಸಾನ್ ಬಂದರಿನ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನ ಲಾಂಡ್ರಿಗೂ ಪ್ಯೋ ಓಕ್‌ಬುನ್ ಅವರ ಬಟ್ಟೆ ರಿಪೇರಿ ಅಂಗಡಿಗೂ ನಡುವೆ ಒಂದೇ ಗೋಡೆ. ಇಪ್ಪತ್ತೆರಡು ವರ್ಷದಿಂದ ಅವರ ಹೊಲಿಗೆ ಮಷಿನ್ನಿನ ಸದ್ದು ಕೇಳುತ್ತಲೇ ನಾನು ಇಸ್ತ್ರಿ ಮಾಡಿದ್ದೇನೆ. ಓಣಿಗೆಲ್ಲ ಅವರು ಓಕ್‌ಬುನ್ ಅಕ್ಕ. ವಯಸ್ಸು ಎಪ್ಪತ್ತೊಂದು.

ಹುಟ್ಟಿದ್ದು ದ್ವೀಪದಲ್ಲಿ. ತಮ್ಮಂದಿರು ಶಾಲೆಗೆ ಹೋದರು, ಇವರು ಕಡಲ ಸಿಂಪಿಯ ಚಿಪ್ಪು ಬಿಡಿಸಲು ಹೋದರು. ಹದಿನೇಳಕ್ಕೆ ದೋಣಿ ಹತ್ತಿ ಬಂದು ಹೊಲಿಗೆ ಕಾರ್ಖಾನೆ ಸೇರಿ, ಮೂವತ್ತು ದಾಟುವಷ್ಟರಲ್ಲಿ ಸ್ವಂತ ಮಷಿನ್ ಹಾಕಿದರು. ಪ್ಯಾಂಟಿನ ಉದ್ದ ತಗ್ಗಿಸುವುದು, ಜಿಪ್ ಬದಲಿಸುವುದು, ಸೊಂಟ ಸಡಿಲಿಸುವುದು. ಗಿರಾಕಿಯ ಹೆಸರು ಬರೆದ ಚೀಟಿ ಅವರಲ್ಲಿ ಇರುತ್ತಿರಲಿಲ್ಲ, ಬಟ್ಟೆಗೆ ಬಣ್ಣದ ನೂಲು ಕಟ್ಟುತ್ತಿದ್ದರು. ಕೆಂಪು ನೂಲು ಮೀನು ಮಾರುವ ದಕ್‌ಸಿಮ್‌ಗೆ, ಹಳದಿ ಎಳ್ಳೆಣ್ಣೆ ಅಂಗಡಿಯ ಮಾಲ್ಜಾಗೆ, ನೀಲಿ ನನಗೆ. ಇದೊಂದು ಚೆಂದದ ಪದ್ಧತಿ ಅಂತಲೇ ನಾವು ಅಂದುಕೊಂಡಿದ್ದೆವು. ಬ್ಯಾಂಕಿನಲ್ಲಿ ಅರ್ಜಿ ತುಂಬಲು ಕೊಟ್ಟರೆ ಕನ್ನಡಕ ಮರೆತು ಬಂದೆ ಅನ್ನುತ್ತಿದ್ದರು. ಅವರಿಗೆ ಅಕ್ಷರ ಬಾರದೆಂದು ನನಗೆ ಗೊತ್ತಾದದ್ದು ಅವರ ಅರವತ್ಮೂರನೇ ವಯಸ್ಸಿನಲ್ಲಿ, ಅವರೇ ಹೇಳಿದಾಗ.

"ದೊಡ್ಡೋರಿಗೂ ಅಕ್ಷರ ಹೇಳ್ಕೊಡ್ತಾರಂತೆ ಕಣೇ. ಮಂಗಳವಾರ, ಗುರುವಾರ ಮಧ್ಯಾಹ್ನ ಅಂಗಡಿ ಮುಚ್ತೀನಿ. ಯಾರಾದ್ರೂ ಕೇಳಿದ್ರೆ ಸೊಂಟನೋವಿಗೆ ಸೂಜಿ ಚುಚ್ಚಿಸ್ಕೊಳೋಕೆ ಹೋಗಿದಾಳೆ ಅನ್ನು."

ಮೂರು ವರ್ಷ ನಾನು ಆ ಸುಳ್ಳು ಹೇಳಿದೆ. "ಯಾವ ಸೀಮೆ ವೈದ್ಯನೇ ಅವನು, ಇನ್ನೂ ಸೊಂಟ ನೆಟ್ಟಗಾಗ್ಲಿಲ್ವಾ" ಎಂದು ದಕ್‌ಸಿಮ್ ಗೊಣಗುತ್ತಿದ್ದಳು. ಆಮೇಲೊಂದು ದಿನ ಓಕ್‌ಬುನ್ ಅಕ್ಕ ಓಣಿಯ ತುದಿಯಿಂದ ಒಂದೊಂದೇ ಬೋರ್ಡು ಗಟ್ಟಿಯಾಗಿ ಓದುತ್ತ ಬಂದರು. ಗುಟ್ಟು ರಟ್ಟಾಯಿತು. ಅಂದು ಮಾಲ್ಜಾ ಎಲ್ಲರಿಗೂ ಅಕ್ಕಿ ಕಡುಬು ಹಂಚಿದಳು.

ಕಳೆದ ಏಪ್ರಿಲಿನ ಮಾತು. ನಾಲ್ಕು ದಿನದಿಂದ ಗೋಡೆಯಾಚೆ ಮಷಿನ್ ಓಡುತ್ತಿತ್ತು, ಟಿವಿ ಮಾತ್ರ ಸುಮ್ಮನಿತ್ತು. ಧಾರಾವಾಹಿ ಇಲ್ಲದೆ ಅಕ್ಕ ಒಂದು ಗುಂಡಿಯನ್ನೂ ಹೊಲಿದವರಲ್ಲ. ಐದನೆಯ ದಿನ ಬಾರ್ಲಿ ಚಹಾ ಹಿಡಿದು ಹೋದೆ.

"ಟಿವಿ ಕೆಟ್ಟಿದ್ಯಾ ಅಕ್ಕ?"

"ಟಿವಿ ಚೆನ್ನಾಗೇ ಇದೆ. ನಾನೇ ಕೆಟ್ಟಿದ್ದು."

ಆದದ್ದಿಷ್ಟು. ಕಾರ್ಖಾನೆಯ ದಿನಗಳಲ್ಲಿ ಗೆಳತಿಯರೊಡನೆ ನೋಡುತ್ತಿದ್ದ ಹಳೆಯ ಧಾರಾವಾಹಿಯೊಂದು ಆನ್‌ಲೈನ್‌ನಲ್ಲಿ ಸಿಗುತ್ತದೆಂದು ಯಾರೋ ಹೇಳಿದರಂತೆ. ಸಿನಿಮಾ ಧಾರಾವಾಹಿ ತೋರಿಸುವ ಒಂದು ಕಂಪನಿಗೆ ಅಕ್ಕ ಫೋನಿನಲ್ಲಿ ತಾವೇ ಚಂದಾದಾರರಾದರು. "ಈಗಲೇ ಶುರು ಮಾಡಿ" ಎಂಬ ದೊಡ್ಡ ಅಕ್ಷರ ಓದಿ ಖುಷಿಯಿಂದ ಒತ್ತಿದರು. ಕೆಳಗೆ ಸಣ್ಣ ಅಕ್ಷರದಲ್ಲಿ "ಒಂದು ವರ್ಷಕ್ಕೆ" ಎಂದಿತ್ತು. ವರ್ಷದ ಹಣ ಒಮ್ಮೆಗೇ ಹೋಯಿತು, ಹುಡುಕಿದರೆ ಆ ಧಾರಾವಾಹಿಯೂ ಅಲ್ಲಿ ಇರಲಿಲ್ಲ. ಬೇಡವೆಂದು ಒತ್ತಿದ್ದಕ್ಕೆ, ಮುಂದಿನ ಏಪ್ರಿಲ್‌ವರೆಗೆ ನೋಡಬಹುದು, ಹಣ ಮಾತ್ರ ಹಿಂದಿರುಗಿಸಲಾಗದು ಎಂಬ ಉತ್ತರ ಬಂತು. ಎಷ್ಟು ಸಲ ಕೇಳಿದರೂ ಅದೇ ಉತ್ತರ, ಕೊನೆಗೊಂದು ನಗುವ ಮುಖದ ಚಿತ್ರ.

"ದುಡ್ಡು ಹಾಳಾಗ್ಲಿ," ಎಂದರು ಅಕ್ಕ. "ಮೊದಲಾದ್ರೆ ಕನ್ನಡಕ ಇಲ್ಲ ಅಂತ ಯಾರನ್ನಾದ್ರೂ ಕರೀತಿದ್ದೆ. ಈಗ ಓದೋಕೆ ಬರುತ್ತೆ ಅನ್ನೋ ಜಂಬ. ಅದಕ್ಕೇ ಮೋಸ ಹೋದೆ."

ಗ್ರಾಹಕರ ದೂರು ಕೇಳುವ ಸರ್ಕಾರಿ ಸಹಾಯವಾಣಿಗೆ ನಾನು ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಆಚೆ ಕಡೆಯ ಹೆಂಗಸು ಸಮಾಧಾನದಿಂದ ಕೇಳಿದಳು.

"ಚಂದಾ ತಗೊಂಡು ಎಷ್ಟು ದಿನ ಆಯ್ತು ಅಮ್ಮ?"

"ಇವತ್ತಿಗೆ ಐದು."

"ಏನಾದ್ರೂ ನೋಡಿದ್ರಾ?"

"ನೋಡಕ್ಕೆ ಏನಿತ್ತು ಅದರಲ್ಲಿ? ಹುಡುಕಿ ಹುಡುಕಿ ಮುಚ್ಚಿಟ್ಟೆ."

"ಹಾಗಾದ್ರೆ ಭಯ ಬೇಡ. ಆನ್‌ಲೈನಲ್ಲಿ ತಗೊಂಡಿದ್ದನ್ನ ಏಳು ದಿನದೊಳಗೆ ಬೇಡ ಅನ್ನೋ ಹಕ್ಕು ನಿಮಗಿದೆ. ನೋಡೋಕೇ ಶುರು ಮಾಡಿಲ್ಲ ಅಂದ್ಮೇಲೆ ಪೂರ್ತಿ ಹಣ ವಾಪಸ್ ಕೊಡ್ಬೇಕು. ಅವರ ನಿಯಮದಲ್ಲಿ ಆಗಲ್ಲ ಅಂತ ಬರ್ಕೊಂಡಿದ್ರೂ ಕಾನೂನಿನ ಮುಂದೆ ಅದು ನಿಲ್ಲಲ್ಲ. ಬರವಣಿಗೆಯಲ್ಲಿ ತಿಳಿಸಿ. ನೀವು ಕಳಿಸಿದ ದಿನವೇ ಲೆಕ್ಕಕ್ಕೆ ಬರುತ್ತೆ, ಅವರಿಗೆ ತಲುಪಿದ ದಿನ ಅಲ್ಲ. ಅಂಚೆ ಕಚೇರಿಯಲ್ಲಿ ಮುದ್ರೆ ಹಾಕಿಸಿ ಕಳಿಸಿದ್ರೆ ಇನ್ನೂ ಗಟ್ಟಿ. ಒಂದೇ ಥರ ಮೂರು ಪ್ರತಿ ಬೇಕು. ಒಂದು ಕಂಪನಿಗೆ, ಒಂದು ಅಂಚೆಯವರಿಗೆ, ಒಂದು ನಿಮಗೆ."

ಫೋನಿಟ್ಟ ಮೇಲೆ ನಾನೇ ಟೈಪು ಮಾಡಿಕೊಡುತ್ತೇನೆ ಅಂದೆ. ಅಕ್ಕ ಆಗಲೇ ಕತ್ತರಿ, ಟೇಪು ಎಲ್ಲ ಬದಿಗೆ ಸರಿಸಿ ಮೇಜು ಒರೆಸುತ್ತಿದ್ದರು.

"ಒತ್ತಿದ್ದು ನನ್ನ ಕೈ. ಬರೆಯೋದೂ ಅದೇ ಕೈ."

ಅಷ್ಟರಲ್ಲಿ ದಕ್‌ಸಿಮ್ ರಬ್ಬರ್ ಬೂಟಿನಲ್ಲೇ ಒಳಗೆ ಬಂದಳು, ಹಿಂದೆಯೇ ಮಾಲ್ಜಾ. ವಿಷಯ ಕೇಳಿದ್ದೇ ತಡ, ಇಬ್ಬರೂ ಸ್ಟೂಲು ಎಳೆದುಕೊಂಡರು.

"'ಕಳ್ಳ ನನ್ಮಕ್ಕಳಾ' ಅಂತ ಶುರು ಮಾಡು," ಎಂದಳು ದಕ್‌ಸಿಮ್.

"ಸರ್ಕಾರದ ಮುದ್ರೆ ಬೀಳೋ ಕಾಗದ ಅದು, ನಿನ್ನ ಮೀನಿನ ಅಂಗಡಿ ಅಲ್ಲ," ಎಂದಳು ಮಾಲ್ಜಾ.

"ಪತ್ರ ಅಂದ್ಮೇಲೆ ಮೊದಲು ಋತುವಿನ ಬಗ್ಗೆ ಒಂದು ಮಾತಿರ್ಬೇಕು," ಎಂದರು ಅಕ್ಕ ಗಂಭೀರವಾಗಿ. "ನಮ್ಮ ಟೀಚರ್ ಹೇಳಿದಾರೆ."

ಹೀಗೆ ಆ ಪತ್ರ ತಯಾರಾಯಿತು. "ಚೆರ್ರಿ ಹೂವು ಉದುರುತ್ತಿರುವ ಈ ದಿನಗಳಲ್ಲಿ ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಐದು ದಿನದ ಹಿಂದೆ ನಿಮ್ಮಲ್ಲಿ ಒಂದು ವರ್ಷದ ಚಂದಾ ಪಡೆದೆ. ಒಂದನ್ನೂ ನೋಡಿಲ್ಲ. ಏಳು ದಿನದೊಳಗೆ ಹಿಂದೆ ಸರಿಯುವ ಹಕ್ಕು ನನಗಿರುವುದರಿಂದ ಸರಿಯುತ್ತಿದ್ದೇನೆ. ಪೂರ್ತಿ ಹಣ ಕಳಿಸಿ. ಸಣ್ಣ ಅಕ್ಷರಗಳನ್ನು ಸ್ವಲ್ಪ ದೊಡ್ಡದಾಗಿ ಬರೆಯಿರಿ. ಪ್ಯೋ ಓಕ್‌ಬುನ್."

ಮೊದಲ ಪ್ರತಿ ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ 'ಹಕ್ಕು' ಎಂಬಲ್ಲಿ ಅಕ್ಷರ ಬಿಟ್ಟುಹೋಗಿ, ಹಾಳೆ ಹರಿದು ಮತ್ತೆ ಬರೆದರು. ಮೂರನೆಯದನ್ನು ಬರೆಯುವಾಗ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು. ಜಿಪ್ ಕೇಳಿಕೊಂಡು ಬಂದ ಗಿರಾಕಿಯನ್ನು ದಕ್‌ಸಿಮ್ ಕೈಸನ್ನೆಯಲ್ಲೇ ಹೊರಗೆ ನಿಲ್ಲಿಸಿದಳು. ಎರಡು ಗಂಟೆ ಹಿಡಿಯಿತು. ಹೊಲಿಗೆಯಂತೆಯೇ ನೇರವಾದ ಸಾಲುಗಳು.

ಅಂಚೆ ಕಚೇರಿಯ ಗುಮಾಸ್ತ ಮೂರನ್ನೂ ಜೋಡಿಸಿ ಸಾಲು ಸಾಲಾಗಿ ಹೋಲಿಸಿ ನೋಡಿದ. ಅಕ್ಕ ನನ್ನ ತೋಳು ಹಿಡಿದಿದ್ದರು.

"ಕೈಯಲ್ಲಿ ಬರ್ದಿದ್ದು ಯಾರು ಅಜ್ಜಿ?"

"ನಾನೇ. ತಪ್ಪಾಗಿದ್ಯಾ?"

"ಇಲ್ಲ. ಈಗೀಗ ಎಲ್ಲರೂ ಪ್ರಿಂಟ್ ತರ್ತಾರೆ, ಅದಕ್ಕೆ ಕೇಳ್ದೆ. ಬರವಣಿಗೆ ಮುತ್ತಿನ ಹಾಗಿದೆ."

ಮುದ್ರೆ ಮೂರು ಸಲ ಬಿತ್ತು. ಅಕ್ಕ ತಮ್ಮ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ರಸ್ತೆ ದಾಟಿದ ಮೇಲೆ, "ಮುತ್ತಿನ ಹಾಗಂತೆ" ಎಂದು ನಗತೊಡಗಿದವರು ಮಾರುಕಟ್ಟೆ ಬರುವವರೆಗೂ ನಗುತ್ತಲೇ ಇದ್ದರು.

ಮುಂದಿನ ವಾರ ಕಂಪನಿಯಿಂದ ಫೋನು ಬಂತು. ಈ ಸಲ ಯಂತ್ರವಲ್ಲ, ಮನುಷ್ಯನದೇ ದನಿ. ಪತ್ರ ತಲುಪಿದೆ, ಹಣ ಪೂರ್ತಿ ಹಿಂದಕ್ಕೆ ಹಾಕಿದ್ದೇವೆ, ತೊಂದರೆಗೆ ಕ್ಷಮಿಸಿ ಎಂದ. ಫೋನಿಡುವ ಮೊದಲು, ಆಫೀಸಿನಲ್ಲಿ ಎಲ್ಲರೂ ಪತ್ರ ಓದಿದರು, ಇಲ್ಲಿ ಚೆರ್ರಿ ಹೂವು ಪೂರ್ತಿ ಉದುರಿದೆ ಎಂದೂ ಹೇಳಿದ. ಸಣ್ಣ ಅಕ್ಷರದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಅಕ್ಕ ಅಂದೇ ಸಂಜೆ ನಮ್ಮನ್ನೆಲ್ಲ ಕೂರಿಸಿಕೊಂಡು ಕಪ್ಪೆಚಿಪ್ಪಿನ ನೂಡಲ್ಸ್ ಉಣಿಸಿದರು. ದಕ್‌ಸಿಮ್ ಎರಡು ಬಟ್ಟಲು ಮುಗಿಸಿ, ಇನ್ನೊಂದು ಕಂಪನಿಗೂ ಬರಿ ಅಂದಳು.

ಜೂನಿನಲ್ಲಿ ಮಾಲ್ಜಾ ಕೈಯಲ್ಲೊಂದು ರಸೀದಿ ಹಿಡಿದು ಓಡಿಬಂದಳು. ಆನ್‌ಲೈನಿನಲ್ಲಿ ಕಾಲು ಒತ್ತುವ ಯಂತ್ರ ತರಿಸಿದ್ದಳಂತೆ, ಡಬ್ಬಿ ನೋಡಿಯೇ ಬೇಡವೆನಿಸಿತಂತೆ, ಇನ್ನೂ ಒಡೆದಿಲ್ಲವಂತೆ.

"ಅಕ್ಕ, ನಿನ್ನ ಆ ಕಾಗದ ನನಗೊಂದು ಬರ್ಕೊಡೆ."

ಓಕ್‌ಬುನ್ ಅಕ್ಕ ಕುರ್ಚಿ ಬಿಟ್ಟೆದ್ದರು. ಮಾಲ್ಜಾಳ ಭುಜ ಒತ್ತಿ ಅದರಲ್ಲಿ ಕೂರಿಸಿ, ಕೈಗೆ ಪೆನ್ನು ಕೊಟ್ಟರು.

"ಎಷ್ಟನೇ ದಿನ?"

"ಮೂರು."

"ಹಾಗಾದ್ರೆ ಅವಸರ ಏನಿಲ್ಲ. ಮೊದಲು ಮಳೆಗಾಲದ ಬಗ್ಗೆ ಎರಡು ಮಾತು ಬರಿ."