ಸ್ಟೇಶನ್ ಬಂದ್ ಮಾಡ್ರಿ, ಕಾಕಾ

ಆಗ ನನಗೆ ಇಪ್ಪತ್ತಾರು ವರ್ಷ. ದಿನಾ ಅನಗೋಳದ ಮನೆಯಿಂದ ಸೈಕಲ್ ತುಳಿದುಕೊಂಡು ಬೆಳಗಾವಿಯ ಪೇಟೆಗೆ ಬರುತ್ತಿದ್ದೆ. ಅಲ್ಲಿ ಒಂದು ಲಾರಿ ಕಂಪನಿಯ ಮಹಡಿ ಕೋಣೆಯಲ್ಲಿ ವಾಯರ್‌ಲೆಸ್ ಮುಂದೆ ಕೂರುವುದು ನನ್ನ ಕೆಲಸ. ಅಪ್ಪ ಮಗ್ಗದವರು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸಬೇಕೆಂದರೆ ಒತ್ತಿ, ಬಿಡಿಸಿ ಹೇಳಬೇಕಾಗುತ್ತದೆ. ಆ ರೂಢಿಯೇ ನನಗೆ ಈ ನೌಕರಿ ಕೊಡಿಸಿತು ಎಂದು ನಾನು ನಂಬಿದ್ದೇನೆ. ಹಾಳು ಸಿಗ್ನಲ್ಲಿನಲ್ಲೂ ನನ್ನ ಮಾತು ಡ್ರೈವರ್‌ಗಳಿಗೆ ತಿಳಿಯುತ್ತಿತ್ತು.

ನಮ್ಮ ಲಾರಿಗಳು ಬೆಳಗಾವಿಯಿಂದ ಗೋವಾಕ್ಕೆ ಕಾಯಿಪಲ್ಲೆ ಒಯ್ಯುತ್ತಿದ್ದವು. ಖಾನಾಪುರ ದಾಟಿದರೆ ಕಾಡು, ಕಾಡು ದಾಟಿದರೆ ಘಟ್ಟ. ಮೊಬೈಲ್ ಫೋನು ಆಗ ಶ್ರೀಮಂತರ ಕೈಯಲ್ಲಷ್ಟೇ ಇತ್ತು, ಅದೂ ಊರಿನ ಗಡಿ ದಾಟಿದರೆ ಬರಿಯ ಡಬ್ಬಿ. ಕಾಡಿನೊಳಗಿನ ಲಾರಿಯ ವಾಯರ್‌ಲೆಸ್ ನೇರವಾಗಿ ಬೆಳಗಾವಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆಂದೇ ಖಾನಾಪುರದ ಆಚೆಯ ಒಂದು ಗುಡ್ಡದ ಮೇಲೆ ಕಂಪನಿಯವರು ಸಣ್ಣ ಖೋಲಿ ಕಟ್ಟಿ, ಕಂಬ ನಿಲ್ಲಿಸಿ, ರಿಪೀಟರ್ ಕೂಡಿಸಿದ್ದರು. ಲಾರಿಯವನು ಆಡಿದ್ದನ್ನು ಅದು ಕೇಳಿಸಿಕೊಂಡು ಜೋರು ಮಾಡಿ ನನಗೆ ದಾಟಿಸುತ್ತಿತ್ತು, ನಾನು ಆಡಿದ್ದನ್ನು ಅವನಿಗೆ. ನಾವು ಅದನ್ನು ಗುಡ್ಡದ ಸ್ಟೇಶನ್ ಎನ್ನುತ್ತಿದ್ದೆವು. ಬಟನ್ ಒತ್ತಿ ಬಿಟ್ಟರೆ ಗುಡ್ಡದಿಂದ ಒಂದು ಕ್ಷಣ ‘ಖರ್ರ್’ ಎಂಬ ಸದ್ದು ಮರಳಿ ಬರುತ್ತಿತ್ತು. ಆ ಸದ್ದು ಬಂದರೆ ಸ್ಟೇಶನ್ ಜೀವಂತವಾಗಿದೆ ಎಂದರ್ಥ.

ಸ್ಟೇಶನ್ ಕಾಯುವವರನ್ನು ನಾನು ಕಾಕಾ ಎನ್ನುತ್ತಿದ್ದೆ. ಮೊದಲು ಅದೇ ಗುಡ್ಡದಲ್ಲಿ ಎಮ್ಮೆ ಮೇಯಿಸುತ್ತಿದ್ದವರು. ಖೋಲಿ ಕಟ್ಟುವಾಗ ಕಲ್ಲು ಹೊತ್ತು, ಕೊನೆಗೆ ಅಲ್ಲೇ ಪಗಾರಕ್ಕೆ ನಿಂತರು. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ದಿನಾ ಬೆಳಿಗ್ಗೆ ಮೊದಲ ಮಾತು ಅವರದೇ: “ತಂಗಿ, ಗುಡ್ಡ ಚಾಲೂ ಐತಿ. ನಿನ್ನ ನಾಷ್ಟಾ ಆತೇನ?”

ನಮ್ಮಿಬ್ಬರಿಗೂ ಕೆಲಸ ಕಲಿಸಿದವರು ಸೈನ್ಯದ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಸ್ಟೇಶನ್ ಕೂಡಿಸಿದ ಮೇಲೆ ನನ್ನನ್ನೂ ಜೀಪಿನಲ್ಲಿ ಗುಡ್ಡಕ್ಕೆ ಕರೆದೊಯ್ದು, ಕಾಕಾನ ಪಕ್ಕದಲ್ಲಿ ನಿಲ್ಲಿಸಿ ಪಾಠ ಹೇಳಿದರು. ಮಶಿನ್ ಮಾತಾಡುತ್ತಿರುವಾಗ ಕಂಬ ಹತ್ತಿ ಆಂಟೆನಾದ ಹತ್ತಿರ ಹೋಗಬಾರದು. ಸಿಡಿಲಿನ ಲಕ್ಷಣ ಕಂಡರೆ, ಅದು ಹತ್ತಿರ ಬರುವ ಮೊದಲೇ ಕೇಬಲ್ ಕಳಚಿಟ್ಟು ದೂರ ಸರಿಯಬೇಕು. ಬ್ಯಾಟರಿ ಚಾರ್ಜ್ ಆಗುವಾಗ ಕಿಟಕಿ ತೆರೆದಿರಬೇಕು, ಬೀಡಿ ಹಚ್ಚಬಾರದು. ಕೊನೆಗೆ ಅವರು ಖೋಲಿಯ ಹೊರಗೆ, ತಗಡಿನ ಚಪ್ಪರದ ಕೆಳಗಿದ್ದ ಸೀಮೆಎಣ್ಣೆ ಜನರೇಟರ್ ಮೇಲೆ ಕೈಯಿಟ್ಟರು.

“ಇದು ಯಾವತ್ತಿದ್ರೂ ಹೊರಗ. ಇದರ ಹೊಗಿಯೊಳಗ ಒಂದ ಗ್ಯಾಸ ಐತಿ. ಅದು ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಹತ್ತಂಗಿಲ್ಲ. ಮೊದಲ ತಲಿ ನೋಯ್ತೈತಿ, ಆಮ್ಯಾಲ ನಿದ್ದಿ ಬಂದಂಗ ಆಗತೈತಿ. ನಿದ್ದಿ ಬಂತಂದ್ರ ಮುಗೀತು. ಬಿದ್ದಾವನ್ನ ಎತ್ತಾಕ ಒಳಗ ಓಡಿದಾವನೂ ಅಲ್ಲೇ ಬೀಳ್ತಾನ. ಅದನ್ನೂ ತಲ್ಯಾಗ ಇಟ್ಕೋರಿ.”

ಕಾಕಾ ನಕ್ಕರು. “ಎಮ್ಮಿ ಕಟ್ಟೂ ಮನ್ಯಾಗ ಇದನ್ಯಾಕ ಕಟ್ಟಲಿ ರೀ?” ಎಂದರು. ಹವಾಲ್ದಾರರು ನಗಲಿಲ್ಲ. ಹೇಳಿದ್ದನ್ನು ಇಬ್ಬರ ಬಾಯಿಂದಲೂ ಮತ್ತೆ ಹೇಳಿಸಿದರು.

ಎರಡನೆಯ ಮಳೆಗಾಲದಲ್ಲಿ ಆ ತಗಡಿನ ಚಪ್ಪರ ಗಾಳಿಗೆ ಹಾರಿಹೋಯಿತು. ಕಾಕಾ ತಿಳಿಸಿದ ಕೂಡಲೇ ನಾನು ಕೆಳಗಿಳಿದು ಮ್ಯಾನೇಜರಿಗೆ ಹೇಳಿದೆ. ಅವರು ಮಾಲಕರ ತಮ್ಮ. ಕೆಟ್ಟ ಮನುಷ್ಯನಲ್ಲ. ಡ್ರೈವರ್‌ಗಳ ಮನೆಯ ಮದುವೆಗೆ ತಪ್ಪದೆ ಹೋಗುತ್ತಿದ್ದರು. “ಇಂಥಾ ಮಳ್ಯಾಗ ಯಾರ ಹೋಗ್ತಾರವಾ ಗುಡ್ಡಕ್ಕ? ಸ್ವಲ್ಪ ಕಡಿಮಿ ಆಗಲಿ, ತಗಡ ಹಾಕಸೂಣು” ಎಂದು ಮೇಲೆ ಹೊದಿಸಲು ಒಂದು ತಾಡಪತ್ರಿ ಕಳಿಸಿದರು. ಗಾಳಿ ಅದನ್ನೂ ಹರಿದುಹಾಕಿತು. ನಾನು ಮತ್ತೆ ಹೇಳಿದೆ. ಅವರು ಮತ್ತೆ ಅದನ್ನೇ ಹೇಳಿದರು. ಮಳೆ ಕಡಿಮೆಯಾಗಲಿಲ್ಲ.

ಆ ದಿನ ಬೆಳಿಗ್ಗೆ ಘಟ್ಟದಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ನಮ್ಮ ಕೆಲವು ಲಾರಿ ಈ ಕಡೆ, ಕೆಲವು ಆ ಕಡೆ ಸಿಕ್ಕಿಕೊಂಡಿದ್ದವು. ಖಾನಾಪುರದ ಕಡೆ ಹಿಂದಿನ ದಿನದಿಂದ ಕರೆಂಟಿಲ್ಲ, ಗುಡ್ಡದ ಬ್ಯಾಟರಿಗಳು ಬರಿದಾಗಿದ್ದವು. ಜನರೇಟರ್ ನಿಂತರೆ ಸ್ಟೇಶನ್ನೂ ನಿಲ್ಲುತ್ತದೆ ಎಂಬ ಪರಿಸ್ಥಿತಿ. ಮ್ಯಾನೇಜರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಯಾವ ಲಾರಿ ಎಲ್ಲಿದೆ, ಯಾವ ಮಾಲು ಕೊಳೆಯುತ್ತದೆ ಎಂದು ಕೇಳುತ್ತಲೇ ಇದ್ದರು. ನಡುನಡುವೆ ಸ್ಟೇಶನ್ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು.

“ಜನರೇಟರ್ ಮ್ಯಾಲ ನೀರ ಬೀಳಾಕತ್ತಾವ ತಂಗಿ” ಎಂದರು ಕಾಕಾ. “ಒರಸಿ ಚಾಲೂ ಮಾಡ್ತೀನಿ, ಮತ್ತ ಬಂದ್ ಬೀಳ್ತೈತಿ.”

“ಹಂಗಾರ ಬಿಡ್ರಿ ಕಾಕಾ. ಸ್ಟೇಶನ್ ಬಂದ್ ಮಾಡ್ರಿ.”

ಮ್ಯಾನೇಜರು ಹಿಂದಿನಿಂದ ಬಾಗಿದರು. “ಬಂದ್ ಹೆಂಗ ಮಾಡಾಕಾಗತೈತಿ? ಗಾಡಿ ಎಲ್ಲಾ ಅಲ್ಲೇ ಅದಾವು. ಹೆಂಗರ ಮಾಡಿ ಚಾಲೂ ಇಡಂತ ಹೇಳು.”

ನಾನು ಬಟನ್ ಬಿಟ್ಟಿರಲಿಲ್ಲ. ಅವರ ಮಾತು ನನ್ನ ಮೈಕಿನಿಂದಲೇ ಗುಡ್ಡಕ್ಕೆ ಹೋಯಿತು.

“ಆತ್ರಿ ಸಾಹೇಬ್ರ” ಎಂದರು ಕಾಕಾ.

ಸ್ವಲ್ಪ ಹೊತ್ತು ಸ್ಟೇಶನ್ ಸತ್ತಿತು. ಮತ್ತೆ ಎದ್ದಾಗ ಕಾಕಾನ ಮಾತಿನ ಹಿಂದೆ ಜನರೇಟರಿನ ಗುಡುಗುಡು ಬಲು ಹತ್ತಿರದಲ್ಲಿ ಕೇಳಿಸಿತು.

“ಕಾಕಾ, ಮಶಿನ್ ಒಳಗ ತಂದ್ರೇನ?”

“ಬಾಗಲದ ಕಡೆ ಇಟ್ಟೇನಿ. ಬಾಗಲಾ ತಗದೈತಿ. ನೀ ಅಂಜಬ್ಯಾಡ.”

“ಬ್ಯಾಡ್ರಿ, ಹೊರಗ ಇಡ್ರಿ. ಹವಾಲ್ದಾರ್ ಏನ್ ಹೇಳಿದ್ರು ನೆನಪಿಲ್ಲೇನ?”

“ಮರಾ ಕಡದ್ರ ಗಾಡಿ ದಾಟತಾವು. ಅಲ್ಲೀತನಕ ಅಷ್ಟ.”

ನಾನು ಮ್ಯಾನೇಜರ ಕಡೆ ತಿರುಗಿ, ಇದು ಜೀವಕ್ಕೆ ಅಪಾಯ ಎಂದೆ. “ಬಾಗಲಾ ತಗದೈತಿ ಅಂದ್ನಲ್ಲ” ಎಂದರು. ಅಷ್ಟರಲ್ಲಿ ಘಟ್ಟದಿಂದ ಲಾರಿಯವರು ಕೂಗತೊಡಗಿದರು. ಒಬ್ಬರ ಮೇಲೊಬ್ಬರ ಮಾತು. ಅವರನ್ನು ಸುಮ್ಮನಿರಿಸಿ ಕಾಕಾನನ್ನು ಮತ್ತೆ ಕರೆದಾಗ, ಮಳೆಯ ಇರಚಲು ಒಳಗೆ ರಿಪೀಟರ್ ಮೇಲೆಯೇ ಹೊಡೆಯುತ್ತಿತ್ತು, ಹಾಗಾಗಿ ಬಾಗಿಲು ಮುಂದೆ ಮಾಡಿದ್ದೇನೆ ಎಂದರು. ತಲೆ ಸಿಡಿಯುತ್ತಿದೆ ಎಂದೂ ಹೇಳಿದರು.

ನಾನು ಎದ್ದು ನಿಂತು ಕೂಗಿದೆ. “ಕಾಕಾ! ಎಲ್ಲಾ ಬಿಟ್ಟು ಹೊರಗ ಬರ್ರಿ! ಈಗಿಂದೀಗ ಬರ್ರಿ!”

ಬಹಳ ಹೊತ್ತಿನ ಮೇಲೆ ಉತ್ತರ ಬಂತು. ನಾಲಿಗೆ ದಪ್ಪವಾದಂತೆ, ಎಳೆದೆಳೆದು. “ಬರ್ತೀನವಾ... ಇಲ್ಲೆ ಬೆಚ್ಚಗ ಐತಿ.”

ಅದೇ ಕೊನೆ. ನಾನು ಕರೆಯುತ್ತಲೇ ಇದ್ದೆ. ಪ್ರತಿ ಸಲ ಬಟನ್ ಬಿಟ್ಟಾಗ ಗುಡ್ಡದಿಂದ ‘ಖರ್ರ್’ ಎಂದು ಮರಳಿ ಬರುತ್ತಿತ್ತು. ಸ್ಟೇಶನ್ ಅಷ್ಟು ಚೆನ್ನಾಗಿ ಆ ದಿನ ಬೆಳಿಗ್ಗೆಯಿಂದ ನಡೆದಿರಲಿಲ್ಲ. ಜನರೇಟರ್ ಒಳಗೆ ಒಣಗಿಕೊಂಡು ನಿಲ್ಲದೆ ಓಡುತ್ತಿತ್ತು, ಮಾತಾಡುವ ಮನುಷ್ಯ ಮಾತ್ರ ಇರಲಿಲ್ಲ.

ಮ್ಯಾನೇಜರ ಮುಖ ಬಿಳಿಚಿತ್ತು. ನಾನು ಅವರ ಅಪ್ಪಣೆಗೆ ಕಾಯಲಿಲ್ಲ. ಎಲ್ಲ ಲಾರಿಗಳಿಗೂ ಬಾಯಿ ಮುಚ್ಚಲು ಹೇಳಿ, ಗುಡ್ಡದ ಹತ್ತಿರ ಯಾರಿದ್ದೀರಿ ಎಂದು ಕೇಳಿದೆ. ಪೀರನವಾಡಿಯ ಒಬ್ಬ ಡ್ರೈವರ್ ಉತ್ತರ ಕೊಟ್ಟರು. ನಡುವಯಸ್ಸಿನ ಮುಸಲ್ಮಾನರು, ಹೆಚ್ಚು ಮಾತಾಡದವರು. ಮರ ಬಿದ್ದ ಸುದ್ದಿ ಕೇಳಿ ಗುಡ್ಡದ ಬುಡದ ಚಹದಂಗಡಿಯ ಬಳಿ ಗಾಡಿ ನಿಲ್ಲಿಸಿದ್ದರು. ಅವರೊಂದಿಗೆ ಇನ್ನೊಬ್ಬ ಡ್ರೈವರ್ ಇದ್ದ. ಕಾಲುದಾರಿಯಲ್ಲಿ ಹತ್ತಿದರೆ ಖೋಲಿ ದೂರವಿರಲಿಲ್ಲ.

“ಈಗ ಓಡ್ತೀವಕ್ಕಾ” ಎಂದರು.

“ನಿಂದರ್ರಿ ಭಾಯಿ. ನಾ ಹೇಳೂದು ಪೂರಾ ಕೇಳ್ಕೋರಿ. ಲಾರಿ ಬಿಟ್ಟು ಇಳದ್ರ ನನ್ನ ಮಾತ ನಿಮಗ ಕೇಳೂದಿಲ್ಲ.” ಮಗ್ಗದ ಮುಂದೆ ಆಡುವಂತೆ ಒಂದೊಂದೇ ಮಾತನ್ನು ಒತ್ತಿ, ಬಿಡಿಸಿ ಹೇಳಿದೆ. “ಇಬ್ಬರೂ ಕೂಡಿ ಒಳಗ ಹೋಗಬ್ಯಾಡ್ರಿ. ಮೊದಲ ಬಾಗಲಾ ಪೂರಾ ತಗೀರಿ, ಕಿಡಕಿ ಹೊರಗಿಂದ ಒಡೀರಿ. ಒಬ್ಬರು ಹೊರಗ ನಿಂದರ್ರಿ. ಇನ್ನೊಬ್ಬರು ಉಸರ ಹಿಡದು ಒಳಗ ಹೋಗಿ ಜನರೇಟರ್ ಬಂದ್ ಮಾಡಿ ಹೊರಗ ಬರ್ರಿ. ಉಸರ ತಗೊಂಡು ಮತ್ತ ಹೋಗ್ರಿ. ಕಾಕಾಗ ಕೈ ಹಚ್ಚೂದು ಆಮ್ಯಾಲ.”

“ಅಲ್ಲೀತನಕ ಅಂವಾ ಇರ್ತಾನೇನಕ್ಕಾ?”

“ನೀವೂ ಬಿದ್ರ ಯಾರೂ ಉಳಿಯೂದಿಲ್ಲ. ನಾ ಹೇಳಿದ್ದು ತಿರುಗಿ ಹೇಳ್ರಿ.”

ಅವರು ತಿರುಗಿ ಹೇಳಿದರು. ಒಂದು ಕಡೆ ತಪ್ಪಿದರು. ನಾನು ತಿದ್ದಿದೆ. ಆಮೇಲೆ, “ಜನರೇಟರ್ ನಿಂತ್ರ ಸ್ಟೇಶನ್ ಬೀಳ್ತೈತಿ. ನಮ್ಮ ಮಾತು ಇಷ್ಟಕ್ಕ ಮುಗೀತೈತಿ. ಖಾನಾಪುರದಿಂದ ಫೋನ್ ಮಾಡ್ರಿ” ಎಂದೆ. ಅವರು ಇಳಿದು ಹೋದರು.

ಆಗಾಗ ಬಟನ್ ಒತ್ತಿ ಬಿಡುತ್ತಾ ಕೂತೆ. ಖರ್ರ್. ಮತ್ತೆ ಒತ್ತಿದೆ. ಖರ್ರ್. ಕೆಳಗೆ ಹಮಾಲರು ಟೊಮೆಟೊ ಬುಟ್ಟಿಗಳನ್ನು ಇಳಿಸುತ್ತಾ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಮ್ಯಾನೇಜರು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಇನ್ನೊಮ್ಮೆ ಒತ್ತಿದೆ. ಏನೂ ಬರಲಿಲ್ಲ.

ಆ ನೌಕರಿಯಲ್ಲಿ ಸ್ಟೇಶನ್ ಬಿದ್ದದ್ದಕ್ಕೆ ನನಗೆ ಸಮಾಧಾನವಾದದ್ದು ಅದೇ ಮೊದಲು. ಅವರು ಮೇಲೆ ಮುಟ್ಟಿದ್ದಾರೆ, ಕನಿಷ್ಠ ಒಬ್ಬರು ಒಳಗೆ ಹೋಗಿ ಮಶಿನ್ ನಿಲ್ಲಿಸಿದ್ದಾರೆ. ಅಷ್ಟೇ ಗೊತ್ತು. ಅವರು ಹೊರಗೆ ಬಂದರೋ ಇಲ್ಲವೋ ಗೊತ್ತಿಲ್ಲ. ಖಾನಾಪುರದಿಂದ ಫೋನ್ ಬರುವವರೆಗೆ ನಾನು ಸತ್ತ ಮೈಕನ್ನು ಹಿಡಿದುಕೊಂಡೇ ಇದ್ದೆ.

ಫೋನಿನಲ್ಲಿ ಆ ಡ್ರೈವರ್‌ನ ಧ್ವನಿ ಕೇಳಿದಾಗ ಅವರು ಬದುಕಿದ್ದಾರೆ ಎಂಬುದು ಮೊದಲು ತಿಳಿಯಿತು. ಉಳಿದದ್ದು ಅವರ ಉಸಿರಿನಲ್ಲೇ ತಿಳಿಯಿತು.

“ದವಾಖಾನಿಗೆ ಒಯ್ದಿದ್ವಿ ಅಕ್ಕಾ. ಡಾಕ್ಟರ್ ನೋಡಿ, ಆಗಲೇ ಹೋಗ್ಯಾನಂದ್ರು. ಬಾಗಲದ ಕಡೆ ಮುಖಾ ಮಾಡಿ ಬಿದ್ದಿದ್ದ. ಏಳಾಕ ನೋಡಿದ್ದ ಅನಸ್ತೈತಿ.” ಆಮೇಲೆ ಹೇಳಿದರು: “ನೀವು ಹಂಗ ಹೇಳಿರಲಿಲ್ಲಂದ್ರ ನಾವಿಬ್ರೂ ಒಳಗ ಓಡ್ತಿದ್ವಿ. ಒಂದ ಸಲ ಹೋಗಿ ಬಂದದ್ದಕ್ಕ ನನ್ನ ತಲಿ ಇನ್ನೂ ತಿರಗಾಕತ್ತೈತಿ.”

ಮರುದಿನ ಪೊಲೀಸ್ ಜಮಾದಾರರು ಹೇಳಿಕೆ ಬರೆದುಕೊಳ್ಳಲು ಆಫೀಸಿಗೆ ಬಂದರು. ಅವರು ಮೇಲೆ ಬರುವ ಮುಂಚೆ ಮ್ಯಾನೇಜರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ನೀ ಅಂವಗ ಒಳಗ ಇಡಬ್ಯಾಡ ಅಂದಿದ್ದಿ, ಹೌದಲ್ಲೋ? ಅಷ್ಟ ಹೇಳು. ಖರೇನ ಐತಲ್ಲ ಅದು.”

“ಹೌದ್ರಿ, ಅದನ್ನ ಹೇಳ್ತೀನಿ. ತಗಡ ಹಾರಿದ್ದು ನಿಮಗ ಹೇಳಿದ್ದೂ ಖರೇ ಐತಿ. ಚಾಲೂ ಇಡು ಅಂತ ನೀವಂದಿದ್ದೂ ಖರೇ ಐತಿ.”

ನಾನು ಜಮಾದಾರರ ಮುಂದೆ ಮೂರನ್ನೂ ಹೇಳಿದೆ. ಅವರು ಬರೆದುಕೊಂಡರು, ಚಹಾ ಕುಡಿದರು, ಹೋದರು. ಅದು ಆಕಸ್ಮಿಕ ಎಂದೇ ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ. ಕಾಕಾನ ಮಣ್ಣಿಗೆ ಮ್ಯಾನೇಜರು ಹೋಗಿದ್ದರು, ಹೆಗಲೂ ಕೊಟ್ಟರಂತೆ.

ನಾನು ಕೆಲವು ದಿನಗಳ ನಂತರ ಆ ಡ್ರೈವರ್ ಜೊತೆ ಖಾನಾಪುರದ ಹತ್ತಿರದ ಕಾಕಾನ ಮನೆಗೆ ಹೋದೆ. ಅವರ ಹೆಂಡತಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ನನ್ನ ಮುಖ ಅವರು ಕಂಡಿರಲಿಲ್ಲ, ಆದರೆ ಮಾತಾಡಿದ ಕೂಡಲೇ, “ನೀನೇ ಏನು ವಾಯರ್‌ಲೆಸ್ ತಂಗಿ?” ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ಮನೆಯಲ್ಲಿ ನನ್ನ ಮಾತಿನ ಧಾಟಿಯನ್ನು ಆಡಿ ತೋರಿಸುತ್ತಿದ್ದರಂತೆ. ಚಾಪೆ ಹಾಸಿದರು. ತ್ರಾಸ ಆಯಿತೇ ಅವರಿಗೆ, ಕೊನೆಗೆ ಏನೆಂದರು ಎಂದು ಕೇಳಿದರು.

ತಲೆ ನೋಯುತ್ತದೆ ಎಂದಿದ್ದರು, ಆಮೇಲೆ ಇಲ್ಲಿ ಬೆಚ್ಚಗಿದೆ ಎಂದರು ಎಂದು ಇದ್ದದ್ದನ್ನೇ ಹೇಳಿದೆ. ಬಾಗಿಲ ಕಡೆ ಮುಖ ಮಾಡಿ ಬಿದ್ದಿದ್ದನ್ನು ನಾನು ಹೇಳಲಿಲ್ಲ, ಡ್ರೈವರೂ ಹೇಳಲಿಲ್ಲ. ಆಕೆ, “ಮೂರು ದಿನದಿಂದ ಅವರ ಬಟ್ಟೆ ಒಣಗಿರಲಿಲ್ಲ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನೌಕರಿ ಬಿಡುತ್ತೇನೆ ಎಂದಾಗ ಮ್ಯಾನೇಜರು ಬೇಡವೆಂದರು. ಹಾಗಾದರೆ ಗುಡ್ಡದ ಸ್ಟೇಶನ್ ಯಾವಾಗ ಬಂದ್ ಮಾಡಬೇಕೆಂಬುದು ನನ್ನ ಮತ್ತು ಅಲ್ಲಿ ಕಾಯುವವನ ಮಾತು, ನಡುವೆ ಯಾರೂ ಬರಬಾರದು ಎಂದೆ. ಒಪ್ಪಿದರು. ಮಳೆ ಇನ್ನೂ ಸುರಿಯುತ್ತಿರುವಾಗಲೇ ಗೌಂಡಿಗಳು ಗುಡ್ಡ ಹತ್ತಿದರು. ಯಾರೂ ಹೋಗಲಾರರು ಎಂದಿದ್ದ ಆ ಗುಡ್ಡಕ್ಕೆ ಇಟ್ಟಿಗೆ, ಸಿಮೆಂಟು ಎಲ್ಲ ಹೋಯಿತು. ಖೋಲಿಯಿಂದ ದೂರದಲ್ಲಿ ಜನರೇಟರಿಗೆ ಗಟ್ಟಿ ಗೂಡು ಕಟ್ಟಿದರು. ಕಾಕಾನ ಹೆಂಡತಿಯ ತಮ್ಮನೇ ಅಲ್ಲಿಗೆ ಕಾವಲಿಗೆ ಬಂದ. ಹವಾಲ್ದಾರರು ಅವನಿಗೂ ಪಾಠ ಹೇಳಿದರು. ಈ ಸಲ ಹೇಳಿದ್ದನ್ನು ಅವನ ಬಾಯಿಂದ ಎರಡೆರಡು ಸಲ ಹೇಳಿಸಿದರು.

ಮರುವರ್ಷ ಜೂನಿನಲ್ಲಿ ಒಂದು ಮಧ್ಯಾಹ್ನ ಗುಡ್ಡದ ಆಚೆ ದೂರದಲ್ಲಿ ಸಿಡಿಲು ಶುರುವಾಯಿತು. ಘಟ್ಟದಲ್ಲಿ ಮಾಲು ತುಂಬಿದ ಲಾರಿಗಳಿದ್ದವು. ಎಲ್ಲರಿಗೂ ಇದ್ದಲ್ಲೇ ನಿಲ್ಲಲು ಹೇಳಿ, ಕೇಬಲ್ ಕಳಚಿ ದೂರ ಸರಿಯಲು ಗುಡ್ಡದ ಹೊಸ ಕಾವಲಿನವನಿಗೆ ಹೇಳಿದೆ. ರೇಡಿಯೋ ಮೂಕವಾಯಿತು. ಮ್ಯಾನೇಜರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

“ಎಷ್ಟೊತ್ತವಾ?”

“ಸಿಡ್ಲ ನಿಂದ್ರೂತನಕ ರೀ.”

ಅವರು ಕೆಳಗಿಳಿದು ಹೋದರು. ಆ ದಿನ ಒಂದು ಲಾರಿಯ ಕೊತ್ತಂಬರಿ ಪೂರಾ ಕೊಳೆಯಿತು.