ರೇಡಿಯೇಟರಿಗೆ ಅರಿಶಿನ ಹಾಕಿದ ಬೇಸಿಗೆ

ಆಗೆಲ್ಲ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದರೆ ಎರಡು ಕಡೆ ನೀರು ಹಾಕುವ ಪದ್ಧತಿ. ಮೊದಲು ತುಳಸಿಗೆ, ಆಮೇಲೆ ಕಾರಿನ ರೇಡಿಯೇಟರಿಗೆ. ಚೊಂಬು ಒಂದೇ. "ದಿನಾ ಮಡಿ ನೀರು ಕುಡಿದು ಆ ಕಾರಿಗೆ ನಿಮ್ಮೆಲ್ಲರಿಗಿಂತ ಹೆಚ್ಚು ಪುಣ್ಯ ಬಂದಿರತ್ತೆ" ಎಂದು ಅಜ್ಜಿ ಗೊಣಗುತ್ತಿದ್ದರು. ಬಾನೆಟ್ ಎತ್ತಿ, ಮುಚ್ಚಳ ತಿರುವಿ, ನೀರು ಹೊಯ್ಯುತ್ತಿದ್ದವಳು ಅಮ್ಮ. ಆಲಿಕೆ ಹಿಡಿಯುತ್ತಿದ್ದವಳು ನಾನು. ನನಗೆ ಹತ್ತು ವರ್ಷ. ಆಲಿಕೆ ಅಲುಗಾಡಿದರೆ ನನ್ನ ಯೂನಿಫಾರ್ಮಿನ ಮೇಲೆ ನೀರು ಬೀಳುತ್ತಿತ್ತು, ಹಾಗಾಗಿ ಬಹಳ ಭದ್ರವಾಗಿ ಹಿಡಿಯುತ್ತಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ.

ಇದನ್ನೆಲ್ಲ ಈಗ ಬರೆಯಲು ಕಾರಣ ಸಿಟ್ಟು. ಹೋದ ತಿಂಗಳು ನೆಂಟರ ಮನೆಯ ಉಪನಯನದ ಊಟದ ಪಂಕ್ತಿಯಲ್ಲಿ ಅಪ್ಪ ಮತ್ತೆ ಅದೇ ಕತೆ ಹೇಳಿದರು. ಅರಿಶಿನ ಹಾಕಿ ತಾವು ಕಾರಿನ ಸೋರಿಕೆ ಕಂಡುಹಿಡಿದ ಕತೆ. ಅವರಿಗೆ ಎಂಬತ್ತು ದಾಟಿದ ಮೇಲೂ ಆ ಕತೆಗೆ ಒಂದು ಹಲ್ಲೂ ಉದುರಿಲ್ಲ. ಪಾಯಸ ಬಡಿಸುತ್ತಿದ್ದವರೂ ನಿಂತು ಕೇಳಿ ನಕ್ಕರು. ಪಕ್ಕದ ಎಲೆಯಲ್ಲಿ ಕೂತಿದ್ದ ಅಮ್ಮ ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಿದ್ದಳು.

ಕಾರು ಅಜ್ಜ ಕೊಂಡಿದ್ದು. ಬೂದು ಬಣ್ಣದ ಹಳೇ ಗಾಡಿ. ಅಮ್ಮ ಭದ್ರಾವತಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ನಾನು ಅದೇ ಆವರಣದ ಪ್ರೈಮರಿ ಶಾಲೆಯಲ್ಲಿ ಐದನೇ ಕ್ಲಾಸು. ಸೊಸೆ ಬಸ್ಸಿನಲ್ಲಿ ನಿಂತು ಹೋಗುವುದನ್ನು ನೋಡಲಾರದೆ ಅಜ್ಜ ತಾವೇ ಪಕ್ಕದಲ್ಲಿ ಕೂತು ಆಕೆಗೆ ಕಾರು ಕಲಿಸಿದರು. ಅಜ್ಜ ಇದ್ದಷ್ಟು ದಿನ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಅವರು ಹೋದ ಮೇಲೆ, "ಹೆಂಡ್ತಿ ಕಾರಲ್ಲಿ, ಗಂಡ ಸ್ಕೂಟರಲ್ಲಿ" ಎಂದು ಅಪ್ಪನ ಆಫೀಸಿನವರು ಛೇಡಿಸುತ್ತಿದ್ದರಂತೆ. ಅಪ್ಪನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದೇನಿಲ್ಲವಲ್ಲ.

ಆ ಬೇಸಿಗೆಯಲ್ಲಿ ಕಾರು ಬಿಸಿಯಾಗತೊಡಗಿತು. ಶಿವಮೊಗ್ಗ ಬಿಡುವಾಗ ಸುಮ್ಮನಿದ್ದ, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಲವಗೊಪ್ಪ ಬರುವಷ್ಟರಲ್ಲಿ ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ಅಲ್ಲಿಗೆ ಬಂದಾಗ ಕಾರಿನೊಳಗೆ ಒಂದು ಸಿಹಿ ವಾಸನೆ. ಅಲ್ಲಿನ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ನಮಗೆಲ್ಲ ಹುಟ್ಟಿನಿಂದ ರೂಢಿ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನಂತೂ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಚೀಪುತ್ತಾ ಎದುರಿಗೆ ಬರುವ ಕಬ್ಬಿಣ ಹೊತ್ತ ಲಾರಿಗಳನ್ನು ಎಣಿಸುತ್ತಿದ್ದೆ.

ಪರೀಕ್ಷೆಯ ಮೊದಲ ದಿನವೇ ಮಲವಗೊಪ್ಪದಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಸುತ್ತ ಜನ ಸೇರಿದರು. "ಮುಚ್ಚಳ ತೆಗೀರಿ ಮೇಡಂ, ನೀರು ಸುರೀರಿ" ಎಂದು ಒಬ್ಬ. "ಕುದಿಯೋವಾಗ ತೆಗೆದ್ರೆ ಮುಖ ಬೇಯತ್ತೆ, ದೂರ ನಿಲ್ಲಿ" ಎಂದು ಅಮ್ಮ ಗದರಿದಳು. "ಲೇಡೀಸ್ ಕೈಗೆ ಗಾಡಿ ಕೊಟ್ರೆ ಇಷ್ಟೇ ಮಾರಾಯ" ಎಂದು ಇನ್ನೊಬ್ಬ ಬೀಡಿ ಹಚ್ಚಿದ. ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ನಾವು ಶಾಲೆ ಮುಟ್ಟಿದಾಗ ಅರ್ಧ ಗಂಟೆ ತಡ. ಹೆಡ್‌ಮಾಸ್ಟರು ನೇರ ಅಪ್ಪನ ಆಫೀಸಿಗೇ ಫೋನು ಮಾಡಿದರು.

ಮರುದಿನ ಸಂಜೆ ಮನೆಯಲ್ಲಿ ವಿಚಾರಣೆ. ಹಿಂದಿನ ಸಂಜೆಯೇ ಕಾರನ್ನು ಮನೆಗೆ ತಂದಿದ್ದ ಅಪ್ಪ ಬೆಳಗ್ಗೆ ಅದರ ಕೆಳಗೆ ಹಳೇ ಪೇಪರು ಹಾಸಿದ್ದರು. ಸಂಜೆ ಅದನ್ನೆತ್ತಿ ಅಮ್ಮನ ಮುಂದೆ ಹಿಡಿದರು.

"ಒಂದು ಹನಿ ತೋರ್ಸು ನೋಡಣ. ಸೋರಿಕೆ ಅಂತೆ ಸೋರಿಕೆ."

"ರೀ, ದಿನಾ ಒಂದು ಚೊಂಬು ಹಿಡೀತಿದ್ದಿದ್ದು ಈಗ ಎರಡು ಹಿಡೀತಿದೆ. ಎಲ್ಲೋ ಹೋಗ್ತಿದೆ ನೀರು."

"ನೀರು ಹಾಕೋದು ಮರೆತಿದೀಯ. ಅದನ್ನ ಒಪ್ಕೋ. ಕುಣಿಯಲಾರದೋಳಿಗೆ ನೆಲ ಡೊಂಕು."

ಆಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ಪುಟ್ಟಿ, ನಿಜ ಹೇಳು. ನಿನ್ನೆ ಬೆಳಗ್ಗೆ ಅಮ್ಮ ನೀರು ಹಾಕಿದ್ಲಾ?"

ಹಾಕಿದ್ದಳು. ಎರಡು ಚೊಂಬು. ಆಲಿಕೆ ಹಿಡಿದವಳು ನಾನೇ. ಆದರೆ ಅಪ್ಪನ ದನಿ ಏರಿತ್ತು, ಮತ್ತು ಆ ಮನೆಯಲ್ಲಿ ಏರಿದ ದನಿಗೆ ಬೇಕಾದ ಉತ್ತರ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನಾನು ನೋಡ್ಲಿಲ್ಲ" ಅಂದೆ.

ಅಮ್ಮ ನನ್ನನ್ನೇ ನೋಡಿದಳು. ಅಪ್ಪ ಕಾರಿನ ಕೀ ತೆಗೆದುಕೊಂಡು ದೇವರ ಕೋಣೆಯ ಮೊಳೆಗೆ ನೇತುಹಾಕಿದರು. ಅಜ್ಜನ ಪಂಚಪಾತ್ರೆಯ ಮೇಲೆ ಸರಿಯಾಗಿ.

ವಾರದ ಮಟ್ಟಿಗೆ ನಾವು ಬಸ್ಸಿನಲ್ಲಿ ಹೋದೆವು. ಅಷ್ಟರಲ್ಲಿ ಆಫೀಸಿನಲ್ಲಿ ಯಾರೋ ಅಪ್ಪನಿಗೆ ಉಪದೇಶ ಮಾಡಿದ್ದರು: ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿದರೆ ಎಂಥಾ ತೂತಿದ್ದರೂ ಕಟ್ಟಿಕೊಳ್ಳುತ್ತದಂತೆ. ಹಳೇ ಲಾರಿ ಡ್ರೈವರುಗಳ ಮದ್ದು. ಸೋರಿಕೆಯೇ ಇಲ್ಲ ಎಂದವರು ಸೋರಿಕೆಗೆ ಮದ್ದು ಹಾಕುವುದೇಕೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಭಾನುವಾರ ಬೆಳಗ್ಗೆ ಅಜ್ಜಿಯ ಡಬ್ಬಿಯಿಂದ ಹಿಡಿ ಅರಿಶಿನ ತೆಗೆದು, ನೀರಿನ ಜೊತೆ ತಾವೇ ಸುರಿದು, ಅಪ್ಪ ಘೋಷಿಸಿದರು: "ಎಲ್ಲರೂ ಹತ್ತಿ. ಭದ್ರಾವತಿಗೆ ಹೋಗಿ ಬರಣ. ಸರಿಯಾಗಿ ಓಡ್ಸಿದ್ರೆ ಹ್ಯಾಗೆ ಓಡತ್ತೆ ನೋಡಿ."

ಅಪ್ಪ ಸ್ಟಿಯರಿಂಗಿನಲ್ಲಿ, ಅಮ್ಮ ಪಕ್ಕದಲ್ಲಿ. ಹಿಂದೆ ನಾನು ಮತ್ತು ಎಲೆಅಡಿಕೆ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡ ಅಜ್ಜಿ. ಮಲವಗೊಪ್ಪ ಹತ್ತಿರವಾದಂತೆ ಮುಳ್ಳು ಏರಿತು. ಅದೇ ಸಿಹಿ ವಾಸನೆ. ನಾನು ಕಿಟಕಿಯಿಂದ ನೋಡಿದೆ. ಚಿಮಣಿಯಲ್ಲಿ ಹೊಗೆಯಿಲ್ಲ, ಕಬ್ಬಿನ ಗಾಡಿಯಿಲ್ಲ.

"ಅಮ್ಮಾ, ಫ್ಯಾಕ್ಟರಿ ನಿಂತಿದೆ. ಮತ್ತೆ ಸಿಹಿ ವಾಸನೆ ಎಲ್ಲಿಂದ?"

ಅಮ್ಮ ಗಕ್ಕನೆ ತಿರುಗಿದಳು. "ರೀ, ನಿಲ್ಸಿ. ಇದು ಕೂಲೆಂಟ್ ವಾಸನೆ." ಭದ್ರಾವತಿಯ ಮೆಕ್ಯಾನಿಕ್ ಮುರುಗೇಶ ವರ್ಷದ ಹಿಂದೆ ಇಂಜಿನ್ ತಂಪಾಗಿಡಲು ಹಸಿರು ಬಣ್ಣದ ಕೂಲೆಂಟ್ ಹಾಕಿದ್ದ. ನಾವು ಅದರ ಮೇಲೇ ಬರೀ ನೀರು ತುಂಬುತ್ತಾ ಬಂದಿದ್ದೆವು. ಅದು ಬಿಸಿ ಇಂಜಿನ್ನಿಗೆ ತಾಗಿ ಸುಟ್ಟರೆ ಇಂಥದೇ ಸಿಹಿ ವಾಸನೆ ಬರುತ್ತದಂತೆ. ಅಪ್ಪ ನಿಲ್ಲಿಸಿದರು. ನಿಲ್ಲಿಸದೆ ಬೇರೆ ದಾರಿಯೂ ಇರಲಿಲ್ಲ, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು.

ಅರ್ಧ ಗಂಟೆ ಮರದ ನೆರಳಲ್ಲಿ ಕಾದು, ಇಂಜಿನ್ ಆರಿದ ಮೇಲೆ ಅಮ್ಮ ಸೆರಗು ಸಿಕ್ಕಿಸಿ ಬಗ್ಗಿದಳು. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದಳು. ಒಣ. ರೇಡಿಯೇಟರಿನ ತಳ ಒಣ. ನೆಲವೂ ಒಣ. ಆಮೇಲೆ ಫ್ಯಾನಿನ ಹಿಂದೆ ಇಣುಕಿದಳು. ನೀರನ್ನು ಇಂಜಿನ್ನಿನೊಳಗೆ ಸುತ್ತಿಸುವ ಪಂಪು ಅಲ್ಲಿ. ಅದರ ತಳದಲ್ಲೊಂದು ಸಣ್ಣ ತೂತು, ಆ ತೂತಿನಿಂದ ಕೆಳಕ್ಕೆ ಒಣಗಿದ ಹಳದಿ ಗೆರೆ.

"ಅದು ಎಣ್ಣೆ ಜಿಡ್ಡು" ಎಂದರು ಅಪ್ಪ.

ಅಮ್ಮ ಅಜ್ಜಿಯ ಕಡೆ ಕೈ ಚಾಚಿದಳು. "ಅತ್ತೆ, ಚೂರು ಸುಣ್ಣ ಕೊಡಿ" ಎಂದಳು. ಅಜ್ಜಿ ಪೆಟ್ಟಿಗೆ ತೆರೆದು ಬೆರಳ ತುದಿಯಷ್ಟು ಸುಣ್ಣ ಕೊಟ್ಟರು. ಅದಕ್ಕೆ ಒಂದು ಹನಿ ನೀರು ಕಲಸಿ ಅಮ್ಮ ಹಳದಿ ಗೆರೆಗೆ ಹಚ್ಚಿದಳು. ನಮ್ಮ ಕಣ್ಣೆದುರೇ ಗೆರೆ ಕೆಂಪಾಯಿತು, ಆರತಿಯ ಓಕುಳಿಯ ಹಾಗೆ.

"ಎಣ್ಣೆ ಜಿಡ್ಡು ಸುಣ್ಣಕ್ಕೆ ಕೆಂಪಾಗಲ್ಲ ರೀ. ಇದು ನೀವು ಹಾಕಿದ ಅರಿಶಿನ. ಓಡುವಾಗ ಮಾತ್ರ ಪಂಪು ಸೋರತ್ತೆ, ಸೋರಿದ್ದು ಬಿಸಿಗೆ ಅಲ್ಲೇ ಆರಿಹೋಗತ್ತೆ. ನಿಂತ ಕಾರಿನ ಕೆಳಗೆ ಪೇಪರ್ ಹಾಸಿದ್ರೆ ಏನು ಸಿಗತ್ತೆ?"

"ಭೇಷ್" ಎಂದರು ಅಜ್ಜಿ. ಅಷ್ಟು ವರ್ಷದಲ್ಲಿ ಸೊಸೆಗೆ ಅವರು ಭೇಷ್ ಎಂದದ್ದು ನಾನು ಕೇಳಿದ್ದು ಅದೊಂದೇ ಸಲ.

ನೀರು ತುಂಬಿ, ಮಧ್ಯೆ ಮಧ್ಯೆ ನಿಲ್ಲಿಸಿ, ಕುಂಟುತ್ತಾ ಭದ್ರಾವತಿ ಸೇರಿದೆವು. ಮುರುಗೇಶ ಪಂಪಿನ ಗಾಲಿ ಹಿಡಿದು ಅಲುಗಾಡಿಸಿ ನೋಡಿದ. "ಪಂಪು ಪೋಚು ಸಾರ್, ಕೆಟ್ಟೋಗಿದೆ. ಕರೆಕ್ಟಾಗಿ ಹಿಡ್ದಿದೀರ. ಯಾರು ನೋಡಿದ್ದು?"

ಅಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ನಂಗೆ ಮೊದಲಿಂದ ಪಂಪಿನ ಮೇಲೇ ಅನುಮಾನ ಕಣಯ್ಯ. ಅದಕ್ಕೇ ಅರಿಶಿನ ಹಾಕಿ ನೋಡಿದೆ."

ನೋಡಿ, ಕತೆ ಹುಟ್ಟಿದ್ದು ಆ ಕ್ಷಣದಲ್ಲಿ. ಆ ಸುಣ್ಣ ಇನ್ನೂ ಅಮ್ಮನ ಬೆರಳಲ್ಲಿತ್ತು.

ಹೊಸ ಪಂಪು ಬಂತು, ಮುಳ್ಳು ಮತ್ತೆ ಏರಲಿಲ್ಲ. ಅಮ್ಮ ಒಂದೇ ಸಲ ಕೇಳಿದಳು. "ಸರಿ ಹೋಯ್ತಲ್ಲ, ನಾಳೆಯಿಂದ ಕಾರು ತಗೊಂಡು ಹೋಗ್ಲಾ?" ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. "ಒಂದ್ಸಲ ಕುದ್ದ ಇಂಜಿನ್ನು, ಇನ್ನು ನಾಜೂಕಾಗಿ ನೋಡ್ಕೋಬೇಕು. ನೀರಿಲ್ದೆ ಓಡ್ಸಿ ಹಾಳು ಮಾಡಿದೀಯ. ಬಸ್ಸಿದೆಯಲ್ಲ." ತಪ್ಪು ಅಮ್ಮನದಲ್ಲ ಎಂದು ಸಾಬೀತಾದ ಮೇಲೂ ಶಿಕ್ಷೆ ಹಾಗೇ ಉಳಿಯಿತು. ದಸರೆಯ ಹೊತ್ತಿಗೆ ಗಾಜನೂರಿನವರ್ಯಾರೋ ಬಂದು ಕಾರನ್ನು ಕೊಂಡು ಹೋದರು. ಅಮ್ಮ ರಿಟೈರ್ ಆಗುವವರೆಗೂ ಬಸ್ಸಿನಲ್ಲಿ ನಿಂತು ಹೋದಳು, ನಿಂತು ಬಂದಳು. ಒಂದು ಮಾತು ಮಾತ್ರ ನನಗೆ ಬಹಳ ತಡವಾಗಿ ಗೊತ್ತಾಯಿತು: ಅವಧಿ ಮುಗಿದಾಗಲೆಲ್ಲ ಅವಳು ಆರ್‌ಟಿಒ ಆಫೀಸಿಗೆ ಒಬ್ಬಳೇ ಹೋಗಿ ಲೈಸನ್ಸ್ ನವೀಕರಿಸಿಕೊಂಡು ಬರುತ್ತಿದ್ದಳು. ಓಡಿಸಲು ಕಾರಿಲ್ಲದ ಲೈಸನ್ಸು.

ಹೋದ ತಿಂಗಳು ಆ ಉಪನಯನದ ಊಟ ಮುಗಿಸಿ ಭದ್ರಾವತಿ ಕಡೆಯಿಂದ ಬರುವಾಗ ಅಪ್ಪ ನೆಂಟರ ಕಾರು ಹತ್ತಿದರು. ನನ್ನ ಕಾರಿನಲ್ಲಿ ಅಮ್ಮ ಮತ್ತು ನಾನು. ಮಲವಗೊಪ್ಪದಲ್ಲಿ ಬದಿಗೆ ನಿಲ್ಲಿಸಿದೆ. ಕಾರ್ಖಾನೆ ಮುಚ್ಚಿಹೋಗಿದೆ, ಈಗ ಅಲ್ಲಿ ಯಾವ ಕಾಲದಲ್ಲೂ ಸಿಹಿ ವಾಸನೆಯಿಲ್ಲ.

"ಅಮ್ಮಾ, ಅವತ್ತು ನಾನು ಸುಳ್ಳು ಹೇಳಿದ್ದೆ. ನೀನು ನೀರು ಹಾಕಿದ್ದು ನಾನು ನೋಡಿದ್ದೆ."

"ಗೊತ್ತು ಕಣೇ. ಆಲಿಕೆ ಹಿಡ್ದಿದ್ದು ನೀನೇ ಅಲ್ವಾ?"

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸುಳ್ಳಿ ಅಂತ ಆಗ್ತಿತ್ತು. ಹತ್ತು ವರ್ಷದ ಮಗು. ಕೀ ಹೋದ್ರೆ ಹೋಗ್ಲಿ ಅಂದ್ಕೊಂಡೆ."

ನನಗೆ ಅಳು ಬರಲಿಲ್ಲ, ಉರಿ ಬಂತು. ಅಪ್ಪನ ಮೇಲೆ, ನನ್ನ ಮೇಲೆ, ಸುಮ್ಮನಿದ್ದ ಅವಳ ಮೇಲೂ. ಕೀ ಕಿತ್ತು ಅವಳ ಕೈಗಿಟ್ಟೆ. "ಓಡ್ಸು. ಇಲ್ಲಿಂದ ಮನೆವರೆಗೆ ನೀನೇ ಓಡ್ಸು."

ಅಮ್ಮ ಕೀಯನ್ನು ಅಂಗೈಯಲ್ಲಿ ಒಂದು ಸಲ ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಲೈಸನ್ಸ್ ಇದೆ ಕಣೇ. ಕಣ್ಣೇ ಸರಿಯಾಗಿ ಕಾಣಲ್ಲ ಈಗ."

ಕಾರು ಹೊರಡಿಸಿದೆ. ದುರ್ಗಿಗುಡಿ ಮುಟ್ಟುವವರೆಗೂ ನಾನು ಬ್ರೇಕ್ ತುಳಿದಾಗಲೆಲ್ಲ ಪಕ್ಕದಲ್ಲಿ ಅವಳ ಬಲಗಾಲೂ ನೆಲವನ್ನು ಒತ್ತುತ್ತಿತ್ತು.